ಊರನ್ನು ಎಡಕ್ಕೆ ಬಿಟ್ಟು

ರಿಂಗ್ ರೋಡ್ ದಾಟಿದರೆ ಮೈಸೂರು ಮುಗಿಯಿತು ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲ ಅದು. ಸಿದ್ಧಾರ್ಥನಗರದ ನಮ್ಮ ಬಾಡಿಗೆ ಮನೆಯಿಂದ ಸೈಕಲ್ ಹತ್ತಿ ಪೂರ್ವಕ್ಕೆ ತುಳಿದರೆ ಮೊದಲು ಬಡಾವಣೆಯ ಕೊನೆಯ ಕಾಂಡಿಮೆಂಟ್ಸ್ ಅಂಗಡಿ ಸಿಗುತ್ತಿತ್ತು. ಆಮೇಲೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳು, ಆಮೇಲೆ ಲಾರಿಗಳ ರಿಂಗ್ ರೋಡು. ಅದರಾಚೆ ಕಾಲಿಟ್ಟ ಕೂಡಲೇ ಗಾಳಿಯ ವಾಸನೆಯೇ ಬದಲಾಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಆ ಕಡೆ ಹೋಗಿ ಗೊತ್ತಿದ್ದವರಿಗೆ ನಾನು ಹೇಳುವುದು ಥಟ್ಟನೆ ಮೂಗಿಗೆ ಬಂದೀತು: ಇಬ್ಬನಿಯಲ್ಲಿ ನೆಂದ ಅವರೆ ಗಿಡದ ಸೊಗಡು, ಒದ್ದೆ ಮಣ್ಣು, ದೂರದಲ್ಲೆಲ್ಲೋ ಕಬ್ಬಿನ ತರಗು ಸುಡುವ ಹೊಗೆ. ಹಿಂದಿರುಗಿ ನೋಡಿದರೆ ಚಾಮುಂಡಿ ಬೆಟ್ಟದ ಅರ್ಧಕ್ಕೆ ಮಂಜು, ಅರ್ಧಕ್ಕೆ ಬಿಸಿಲು.

ನಾನಾಗ ಒಂಬತ್ತನೇ ಕ್ಲಾಸು. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ, ರಂಗೋಲಿ ಇಟ್ಟರೆ ಚುಕ್ಕಿಗಳು ಒಂದಕ್ಕೊಂದು ಸೇರುತ್ತಿರಲಿಲ್ಲ. ಬರುತ್ತಿದ್ದದ್ದು ಓಟ ಒಂದೇ. ನಮ್ಮ ಸ್ಕೂಲಿನ ಮೈದಾನವೋ, ಒಂದು ವಾಲಿಬಾಲ್ ಕೋರ್ಟು ಮತ್ತು ಅದರ ಸುತ್ತ ಉಳಿದ ಮಣ್ಣು. ಅದನ್ನು ಸುತ್ತುವುದರೊಳಗೆ ತಲೆ ತಿರುಗಿ ವಾಂತಿ ಬರುವ ಹಾಗಾಗುತ್ತಿತ್ತು. ದಸರಾ ರಜೆ ಮುಗಿಸಿ ಬಂದ ವಾರ ಪಿ.ಟಿ. ಪ್ರಮೀಳಾ ಮೇಡಂ ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು. ಇಬ್ಬರು ಅಂದರೆ ನಾನು ಮತ್ತು ಸವಿತಾ.

"ಸಂಕ್ರಾಂತಿ ಆದ್ಮೇಲೆ ಜಿಲ್ಲಾ ಕ್ರಾಸ್ ಕಂಟ್ರಿ ಸೆಲೆಕ್ಷನ್ ಇದೆ ಕಣ್ರೇ. ಇಲ್ಲಿ ಗಾಣದೆತ್ತಿನ ಥರ ಸುತ್ತಿದ್ರೆ ಆಗಲ್ಲ. ಉಬ್ಬು, ತಗ್ಗು, ಕೆಸರು, ಗದ್ದೆ ಬದು ಎಲ್ಲಾ ಕಾಲಿಗೆ ಗೊತ್ತಿರಬೇಕು. ಹಳ್ಳಿ ಕಡೆ ಎಲ್ಲಾದ್ರೂ ಒಳ್ಳೆ ದಾರಿ ಹುಡುಕ್ಕೊಳ್ಳಿ" ಎಂದರು.

"ನಮ್ಮೂರ ಕಡೆ ಇದೆ ಮೇಡಂ. ನಾನು ತೋರಿಸ್ತೀನಿ ಇವಳಿಗೆ" ಎಂದು ಸವಿತಾ ಕೂಡಲೇ ಹೇಳಿದಳು.

ಸವಿತಾ ನನ್ನ ಬೆಂಚಿನವಳು. ರಿಂಗ್ ರೋಡಿನಾಚೆಯ ಒಂದು ಹಳ್ಳಿಯಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದಳು. ಆ ಊರಿನ ಹೆಸರು ಬೇಡ. ಅಂಥ ಊರು ಅದೊಂದೇ ಅಲ್ಲ. ಉದ್ದ ಕಾಲು, ಎರಡು ಜಡೆ, ಓಡುವಾಗ ತುಟಿ ಕಚ್ಚಿಕೊಳ್ಳುವ ಅಭ್ಯಾಸ. ಬಸ್ಸು ತಪ್ಪಿದ ದಿನ ನಮ್ಮ ಮನೆಗೇ ಬಂದುಬಿಡುತ್ತಿದ್ದಳು. ನಮ್ಮಮ್ಮ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಸವಿತಾ ನಮ್ಮ ತಟ್ಟೆಯಲ್ಲಿ ತಿಂದಿದ್ದಾಳೆ, ನನ್ನ ಹೊದಿಕೆಯಲ್ಲಿ ಮಲಗಿದ್ದಾಳೆ. ನಮ್ಮಪ್ಪನನ್ನು "ಅಂಕಲ್" ಅನ್ನದೆ ನನ್ನ ಹಾಗೆಯೇ "ಅಪ್ಪಾಜಿ" ಅನ್ನುತ್ತಿದ್ದಳು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಂಜನಗೂಡು ಕಡೆಯ ಹಳ್ಳಿಯವರು. ನಾನು ಹುಟ್ಟುವ ಮುಂಚೆಯೇ ಬೌದ್ಧರಾಗಿದ್ದರು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು, ನನಗೆ ಗೌತಮಿ ಎಂದು ಹೆಸರಿಟ್ಟದ್ದೂ ಅದಕ್ಕೇ. ಅಪ್ಪನ ಊರಿನಲ್ಲಿ ನಮ್ಮವರ ಮನೆಗಳು ಊರಿಗೆ ಸೇರದ ಹಾಗೆ ಆಚೆ ಕೇರಿಯಲ್ಲಿದ್ದವು, ಮೇಲಿನ ಬೀದಿಯವರು ನಮ್ಮವರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಸಮಾಜ ಪಾಠದಲ್ಲಿ ಓದಿದ ಯಾವುದೋ ಯುದ್ಧ ಗೊತ್ತಿದ್ದ ಹಾಗೆ. ಪರೀಕ್ಷೆಗೆ ಬೇಕು, ಬದುಕಿಗೆ ಬೇಡ. ಅಪ್ಪನೂ ಅದರ ಮಾತೆತ್ತುತ್ತಿರಲಿಲ್ಲ.

ಹೀಗೆ ನಮ್ಮ ಓಟ ಶುರುವಾಯಿತು. ಭಾನುವಾರ ಬೆಳಿಗ್ಗೆ, ಶನಿವಾರ ಮಧ್ಯಾಹ್ನ. ನಾನು ಸೈಕಲ್ಲಿನಲ್ಲಿ ಅವಳ ಊರಿನ ಹತ್ತಿರದ ಮುಖ್ಯರಸ್ತೆಯ ಬಸ್ ಸ್ಟಾಪಿಗೆ ಹೋದರೆ ಸವಿತಾ ಆಗಲೇ ಅಲ್ಲಿ ಕಾಲು ಚಾಚಿ ಬಗ್ಗುತ್ತಾ ಇರುತ್ತಿದ್ದಳು. ಸೈಕಲ್ಲನ್ನು ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಹೊರಡುತ್ತಿದ್ದೆವು.

ಮೊದಲ ವಾರ ನೀಲಗಿರಿ ತೋಪು. ಎಲೆ ಉದುರಿ ನೆಲವೆಲ್ಲ ಹಾಸಿಗೆ. ಹೆಜ್ಜೆ ಇಟ್ಟರೆ ಸದ್ದಿಲ್ಲ, ಔಷಧಿ ಅಂಗಡಿಯ ವಾಸನೆ. ಎರಡನೆಯದು ಕೆರೆ ಏರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಭತ್ತ, ನಡುವೆ ಒಬ್ಬರ ಹಿಂದೆ ಒಬ್ಬರು ಓಡುವಷ್ಟೇ ದಾರಿ. ಆಮೇಲೆ ನಾಲೆ ಪಕ್ಕದ ಕೆಮ್ಮಣ್ಣಿನ ದಾರಿ, ಸೀಬೆ ತೋಟದ ಬೇಲಿಗುಂಟ ಹೋಗುವ ಗಾಡಿ ಜಾಡು. ಸವಿತಾ ದಾರಿ ತೋರಿಸಬೇಕು, ನಾನು ಹೆಸರಿಡಬೇಕು ಎಂದು ಆಟ ಕಟ್ಟಿಕೊಂಡಿದ್ದೆವು. "ಔಷಧಿ ದಾರಿ", "ಸೊಗಡು ದಾರಿ", "ಮುಳ್ಳು ಮಹಾರಾಣಿ". ಕೊನೆಯದರಲ್ಲಿ ಜಾಲಿ ಮುಳ್ಳು ನನ್ನ ಕ್ಯಾನ್‌ವಾಸ್ ಶೂ ದಾಟಿ ಹಿಮ್ಮಡಿಗೆ ಹೊಕ್ಕಿತ್ತು. ಸವಿತಾ ತನ್ನ ಸೇಫ್ಟಿ ಪಿನ್ನಿನಿಂದ ಅದನ್ನು ಕೆದಕಿ ತೆಗೆದು, ಗಾಯಕ್ಕೆ ಎಕ್ಕದ ಹಾಲು ಬಿಟ್ಟಿದ್ದಳು.

ಕಾರ್ತೀಕ ಕಳೆಯುತ್ತಿದ್ದ ಹಾಗೆ ರೈತರು ಟಾರು ರಸ್ತೆಯ ಮೇಲೆ ಹುರುಳಿ ಹರಡುತ್ತಿದ್ದರು, ಬಸ್ಸು ಲಾರಿ ಹತ್ತಿ ಒಕ್ಕಣೆಯಾಗಲಿ ಎಂದು. ನಾವು ಅದರ ಮೇಲೆ ಓಡಿದರೆ ಕಾಲು ಜಾರಿ ಜಾರಿ ನಗು ತಡೆಯಲಾಗುತ್ತಿರಲಿಲ್ಲ. ಒಂದು ದಿನ ಆಲೆಮನೆಯ ಒಬ್ಬರು ನಮ್ಮನ್ನು ತಡೆದು, "ಯಾಕ್ರವ್ವ ಇಂಗೆ ಓಡೀರಿ? ಪೋಲೀಸ್ನೋರು ಅಟ್ಟಿಸ್ಕೊಂಡು ಬತ್ತಾವ್ರ?" ಎಂದು ಕೇಳಿ, ಬಾಳೆ ಎಲೆಯ ಚೂರಿಗೆ ಬಿಸಿ ಬೆಲ್ಲ ಹಾಕಿ ಕೊಟ್ಟರು. ಬಾಯಿ ಸುಟ್ಟುಕೊಂಡು ತಿಂದೆವು. ಅಷ್ಟು ರುಚಿಯಾದ ಬೆಲ್ಲವನ್ನು ನಾನು ಆಮೇಲೆ ತಿಂದದ್ದಿಲ್ಲ.

ದಾರಿ ಹುಡುಕುವುದರಲ್ಲಿ ಸವಿತಾಳಿಗೆ ನನಗಿಂತ ಶ್ರದ್ಧೆ. ವಾರದ ನಡುವೆ ಸಂಜೆ ಹೊತ್ತು ಒಬ್ಬಳೇ ಹೋಗಿ ನೋಡಿಕೊಂಡು ಬಂದಿರುತ್ತಿದ್ದಳು. "ಹಾಳು ಬಾವಿ ಹತ್ರ ಬಲಕ್ಕೆ ತಿರುಗಿದ್ರೆ ಬದು ಮೇಲೆ ಹೋಗ್ಬಹುದು ಕಣೇ. ಆ ಹೊಲದೋರು ಏನೂ ಅನ್ನಲ್ಲ, ಕೇಳಿದ್ದೀನಿ" ಅನ್ನುತ್ತಿದ್ದಳು. ನನಗಾಗಿ ಇಷ್ಟು ಮಾಡುತ್ತಾಳಲ್ಲ ಎಂದು ನನಗೆ ಹೆಮ್ಮೆ. ಅವಳು ಮುಂದೆ, ನಾನು ಹಿಂದೆ. ದಾರಿ ನೋಡುವ ಗೋಜೇ ನನಗಿರಲಿಲ್ಲ. ಮುಂದೆ ಕುಣಿಯುವ ಎರಡು ಜಡೆ ನೋಡಿಕೊಂಡು ಓಡಿದರೆ ಸಾಕಿತ್ತು.

ಓಡಿ ಮುಗಿಸಿ ಕೆರೆ ಏರಿಯ ಮೇಲೆ ಕೂತರೆ ಸವಿತಾ ಸ್ಟೀಲ್ ಡಬ್ಬಿ ಬಿಚ್ಚುತ್ತಿದ್ದಳು. ಬೇಯಿಸಿದ ಕಡಲೆಕಾಯಿ, ಒಂದೊಂದು ದಿನ ಅವರೆಕಾಳಿನ ಉಪ್ಪಿಟ್ಟು. "ನಮ್ಮಜ್ಜಿ ಮಾಡಿದ್ದು. ನಿನಗೂ ಕಳಿಸವ್ರೆ" ಅನ್ನುತ್ತಿದ್ದಳು.

"ನಿಮ್ಮಜ್ಜೀನ ನೋಡ್ಬೇಕು ಕಣೇ. ಒಂದ್ಸಲ ಮನೆಗೆ ಹೋಗೋಣ."

"ಹೋಗೋಣ, ಹೋಗೋಣ. ಈಗ ಮನೆ ಗಲೀಜಾಗಿದೆ, ಸುಣ್ಣ ಹೊಡೀತಾವ್ರೆ."

ಅವಳ ಊರು ಅಲ್ಲೇ ಇತ್ತು. ಹಂಚಿನ ಮಾಡುಗಳು, ನೀರಿನ ಟ್ಯಾಂಕು, ತೆಂಗಿನ ತಲೆಗಳು. ಕೆರೆ ಏರಿಯಿಂದ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತಿತ್ತು. ಯಾವ ದಾರಿಯಲ್ಲಿ ಓಡಿದರೂ ಊರು ನಮ್ಮ ಎಡಗೈಗೆ ಬರುತ್ತಿತ್ತು, ಹತ್ತಿರ ಹತ್ತಿರ ಬಂದು ಹಾಗೇ ಹಿಂದೆ ಸರಿದುಬಿಡುತ್ತಿತ್ತು. ಯಾಕೆ ಒಳಗೆ ಹೋಗಬಾರದು ಎಂದರೆ ಸವಿತಾ ಹೇಳುತ್ತಿದ್ದದ್ದೆಲ್ಲ ನಂಬುವಂಥದೇ. ಊರೊಳಗೆ ಕಾಂಕ್ರೀಟ್ ರೋಡು, ಮಂಡಿ ಹಾಳಾಗತ್ತೆ. ಬೀದಿ ನಾಯಿಗಳು ಕಾಲಿಗೆ ಬಾಯಿ ಹಾಕ್ತವೆ. ಹೆಣ್ಮಕ್ಕಳು ಶಾರ್ಟ್ಸ್ ಹಾಕ್ಕೊಂಡು ಓಡೋದು ನೋಡಿದ್ರೆ ದೊಡ್ಡಪ್ಪ ಬಯ್ತಾರೆ. ನಾನು ನಂಬಿದೆ. ನಂಬದೆ ಇರುವುದಕ್ಕೆ ನನಗೆ ಕಾರಣವಿರಲಿಲ್ಲ.

ಧನುರ್ಮಾಸದ ಒಂದು ಭಾನುವಾರ. ಸೆಲೆಕ್ಷನ್ ಹತ್ತಿರ ಬಂದಿತ್ತು. ಎಲ್ಲೂ ನಿಲ್ಲದೆ ಓಡುವಂಥ ಒಂದು ದೊಡ್ಡ ಸುತ್ತು ಬೇಕು ಎಂದು ಪ್ರಮೀಳಾ ಮೇಡಂ ಹೇಳಿದ್ದರು. ಏರಿಯ ಮಣ್ಣಿನ ಮೇಲೆ ನಾನು ಕಡ್ಡಿಯಿಂದ ನಮ್ಮ ದಾರಿಗಳನ್ನೆಲ್ಲ ಗೀಚಿದೆ. ತೋಪು, ನಾಲೆ, ಸೀಬೆ ತೋಟ, ಏರಿ. ಎಲ್ಲ ಸೇರಿದರೂ ಒಂದು ಕಡೆ ಬಾಯಿ ತೆರೆದುಕೊಂಡೇ ಇತ್ತು.

"ನೋಡು, ಇಲ್ಲಿ ನಿಮ್ಮೂರ ಬೀದೀಲಿ ಹಾದುಹೋದ್ರೆ ಸುತ್ತು ಕೂಡತ್ತೆ" ಎಂದೆ.

"ಬೇಡ."

"ಒಂದೇ ಒಂದು ಬೀದಿ ಕಣೇ. ಸೀದಾ ಆ ಕಡೆ ಹೊಂಗೆ ಮರಕ್ಕೆ ಬರ್ತೀವಿ."

"ಬೇಡ ಅಂದ್ನಲ್ಲ. ಬೇರೆ ದಾರಿ ಹುಡುಕ್ತೀನಿ ನಾನು. ಒಂದು ವಾರ ತಾಳು."

"ನಾಯಿಗೆ ಅಷ್ಟು ಹೆದರ್ತೀಯಾ?" ಎಂದು ನಕ್ಕು, ಎದ್ದು ಓಡಿಬಿಟ್ಟೆ. ನನಗೆ ಅದು ಆಟ. ಹಿಂದಿನಿಂದ ಸವಿತಾ "ಗೌತಮಿ, ನಿಲ್ಲೇ! ನಿಲ್ಲೇ ಗೌತಮಿ!" ಎಂದು ಕೂಗುತ್ತಿದ್ದಳು. ಅವಳು ಕೂಗಿದಷ್ಟೂ ನಾನು ಜೋರಾಗಿ ಓಡಿದೆ. ಮೊದಲ ಸಲ ಅವಳು ಹಿಂದೆ, ನಾನು ಮುಂದೆ.

ಊರು ನಾನೆಣಿಸಿದ್ದಕ್ಕಿಂತ ಚೆನ್ನಾಗಿತ್ತು. ಬಾಗಿಲು ಬಾಗಿಲಿಗೂ ರಂಗೋಲಿ, ರಂಗೋಲಿಯ ನಡುವೆ ಸಗಣಿ ಉಂಡೆ, ಅದಕ್ಕೆ ಸಿಕ್ಕಿಸಿದ ಹಳದಿ ಹುಚ್ಚೆಳ್ಳು ಹೂ. ಒಂದು ನಾಯಿಯೂ ಬೊಗಳಲಿಲ್ಲ. ರಸ್ತೆ ಕಾಂಕ್ರೀಟೂ ಅಲ್ಲ, ಒಳ್ಳೆ ಗಟ್ಟಿ ಮಣ್ಣು. ಗೋಲಿ ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ನನ್ನ ಜೊತೆ ಓಡತೊಡಗಿದವು. "ಸವಿತಕ್ಕನ ಫ್ರೆಂಡಾ? ಇದೇ ಸವಿತಕ್ಕನ ಮನೆ, ಇದೇ, ಇದೇ" ಎಂದು ಒಂದು ಮನೆಯ ಮುಂದೆ ನಿಲ್ಲಿಸಿಯೇಬಿಟ್ಟವು.

ಜಗಲಿಯ ಮೇಲೆ ಒಬ್ಬರು ಅಜ್ಜಿ ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದರು. ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಸಿಯಲ್ಲಿ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು. ಗೋಡೆಗೆ ಸುಣ್ಣ ಹೊಡೆದು ವರ್ಷಗಳಾಗಿದ್ದ ಹಾಗಿತ್ತು.

"ಯಾರವ್ವ ನೀನು? ಇಂಗ್ಯಾಕೆ ಏದುಸಿರು ಬುಡ್ತಾ ಇದ್ದೀಯೆ?"

"ಗೌತಮಿ, ಅಜ್ಜಿ. ಸವಿತಾ ಫ್ರೆಂಡು."

"ಓ, ನಮ್ ಸವಿತನ ಜೊತೆ ಓಡೋ ಮಗೀನ ನೀನು! ವಾರ್ವಾರ ಡಬ್ಬಿ ತಗಂಡು ಓಯ್ತಾಳೆ, ಒಂದ್ ದಿನಾನಾರ ಕರ್ಕಂಡು ಬಂದ್ಲ? ಬಾ ಕನವ್ವ, ಬಾ" ಎಂದು ಎದ್ದು, ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಕೈಗೆ ಕೊಟ್ಟರು. ನಾನು ಗಟಗಟ ಕುಡಿದೆ.

ಅಷ್ಟರಲ್ಲಿ ಸವಿತಾ ಬಂದಳು. ಅವಳ ಮುಖ ನೋಡಿ ಎಲ್ಲಾದರೂ ಬಿದ್ದಳೇನೋ ಅಂದುಕೊಂಡೆ. ರಕ್ತವೇ ಇಲ್ಲದ ಹಾಗೆ ಬಿಳುಚಿಕೊಂಡಿತ್ತು.

ಅಜ್ಜಿ ಚೊಂಬು ವಾಪಸು ಇಸಕೊಳ್ಳುತ್ತಾ, ಊಟವಾಯಿತಾ ಎನ್ನುವಷ್ಟೇ ಸಲೀಸಾಗಿ ಕೇಳಿದರು. "ಯಾವ ಪೈಕಿಯವ್ವ ನೀವು? ಯಾವ ಜನ?"

ನಾನು ಬಾಯಿ ತೆರೆಯುವ ಮೊದಲೇ ಸವಿತಾ ಹೇಳಿದಳು. "ನಮ್ಮೋರೇ ಅಜ್ಜಿ. ಮಳವಳ್ಳಿ ಕಡೆಯೋರು. ನಮ್ ಚಿಕ್ಕಮ್ಮನ್ನ ಕೊಟ್ಟಿಲ್ವಾ, ಅದರ ಪಕ್ಕದೂರು. ಇವರಪ್ಪಂಗೆ ಅಲ್ಲಿ ಗದ್ದೆ ಅದೆ."

ಒಂದು ಉಸಿರಿಗೆ ಹೇಳಿದಳು. ತಡವರಿಸಲಿಲ್ಲ, ಯೋಚಿಸಲಿಲ್ಲ. ಗದ್ದೆ ಎಲ್ಲಿಂದ ಬಂತು, ಮಳವಳ್ಳಿ ಎಲ್ಲಿಂದ ಬಂತು ಎಂದು ನಾನು ಅವಳ ಮುಖ ನೋಡುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಆಗ ನನಗೆ ಅರ್ಥವಾಯಿತು. ಈ ಉತ್ತರ ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಎಂದಾದರೂ ಬೇಕಾದೀತು ಎಂದು ಅವಳು ಎಷ್ಟೋ ದಿನದಿಂದ ಅದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

"ಅಂಗನ್ನು ಮತ್ತೆ! ನಂಟ್ರೇ ಆದ್ರಿ ಬುಡು" ಎಂದು ಅಜ್ಜಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯ ಒಲೆಯ ಪಕ್ಕದಲ್ಲೇ ಮಣೆ ಹಾಕಿದರು. ಬಿಸಿ ಅಕ್ಕಿ ರೊಟ್ಟಿ, ಹಿತುಕಿದ ಬೇಳೆ ಸಾರು, ಮೇಲೆ ಒಂದು ಚಮಚ ತುಪ್ಪ. "ವಸಿ ಆಕ್ಸ್ಕೊ ಮಗ, ಓಡೋ ಮೈಗೆ ಬೇಕು" ಎಂದು ಬೇಡವೆಂದರೂ ಬಡಿಸಿದರು. ಮನೆದೇವರು ಯಾವುದು ಎಂದು ಕೇಳಿದರು. ಅದಕ್ಕೂ ಸವಿತಾಳೇ ಉತ್ತರ ಹೇಳಿದಳು. ನಾನು ತಟ್ಟೆ ನೋಡುತ್ತಾ ರೊಟ್ಟಿ ಮುರಿಯುತ್ತಿದ್ದೆ. ಎದ್ದು ಹೋಗೋಣ ಎಂದರೆ ಅಜ್ಜಿಯ ಮುಖದಲ್ಲಿ ಅಷ್ಟು ಪ್ರೀತಿ. ಅದು ನನಗೆ ಬಂದ ಪ್ರೀತಿಯಲ್ಲ ಎಂದು ತಿಳಿದೂ ಅದನ್ನು ತಳ್ಳುವುದು ಹದಿನಾಲ್ಕು ವರ್ಷದ ನನಗೆ ಆಗಲಿಲ್ಲ.

ಹೊರಡುವಾಗ ಹಣೆಗೆ ಕುಂಕುಮ ಇಟ್ಟು, ಒಂದು ಚೀಲ ಅವರೆಕಾಯಿ ಕೈಗೆ ಕೊಟ್ಟರು. ಬಾಗಿಲ ತನಕ ಬಂದು ತಲೆ ಸವರಿ ಹೇಳಿದರು. "ಇಸ್ಕೂಲ್ನಲ್ಲಿ ಯಾರ್ಯಾರ್ನೋ ಜೊತೇಲಿ ಕುಂಡ್ರುಸ್ತಾರೆ ಅಂತ ಭಯ್ವಾಗಿತ್ತು ನಂಗೆ. ಸದ್ಯ, ನಮ್ಮೋಳೇ ಸಿಕ್ಕವ್ಳೆ."

ಊರು ದಾಟುವ ತನಕ ಇಬ್ಬರೂ ನಡೆದೇ ಹೋದೆವು. ಹೊಂಗೆ ಮರದ ಹತ್ತಿರ ನಾನು ನಿಂತೆ.

"ಯಾಕೆ ಹಂಗಂದೆ?"

"ಮತ್ತೇನ್ ಹೇಳ್ಬೇಕಿತ್ತು? ಇರೋದು ಹೇಳಿದ್ರೆ ಜಗಲಿ ಮೇಲೂ ಕೂರಿಸ್ತಿರಲಿಲ್ಲ. ಗೊತ್ತಾ ನಿಂಗೆ?"

"ನೀನು ನಮ್ಮನೇಲಿ ಮಲಗ್ತೀಯಾ. ನಮ್ಮಮ್ಮನ ಕೈಲಿ ತಲೆ ಬಾಚಿಸ್ಕೊತೀಯಾ."

"ಅದಕ್ಕೇ ಹೇಳ್ತಿರೋದು, ನನಗೇನೂ ಇಲ್ಲ ಅಂತ! ನನಗೆ ಇದ್ದಿದ್ರೆ ನಿಮ್ಮನೇಲಿ ನೀರು ಕುಡೀತಿದ್ನಾ? ಅಜ್ಜಿಗೆ ಇದೆ, ದೊಡ್ಡಪ್ಪಂಗೆ ಇದೆ, ಊರಿಗೆ ಇದೆ. ನಾನೇನ್ ಮಾಡ್ಲಿ? ನಿಂಗೆ ಬೇಜಾರಾಗಬಾರದು ಅಂತ ತಾನೇ ಇಷ್ಟು ದಿನ ಒದ್ದಾಡಿದ್ದು?"

"ಏನು ಒದ್ದಾಡಿದೆ?"

ಸವಿತಾ ಅಳುತ್ತಿದ್ದಳು. ಸಿಟ್ಟಿನಿಂದಲೋ, ಭಯದಿಂದಲೋ. "ನಿನ್ನ ಊರೊಳಗೆ ಬಿಡದೆ ಇರೋ ಥರ ದಾರಿ ಹುಡುಕೋದು ಎಷ್ಟು ಕಷ್ಟ ಗೊತ್ತಾ ನಿಂಗೆ? ದಿನಾ ಸಂಜೆ ಒಬ್ಬಳೇ ಹೋಗಿ ನೋಡ್ಕೊಂಡು ಬರ್ತಿದ್ದೆ."

ನೀಲಗಿರಿ ತೋಪು, ನಾಲೆ ದಾರಿ, ಸೀಬೆ ಬೇಲಿ. ನಾನು ಹೆಸರಿಟ್ಟು ಮೆರೆದ ಒಂದೊಂದು ತಿರುವೂ ಕಣ್ಣ ಮುಂದೆ ಬಂತು. ನನ್ನ ಕಾಲಿಗೆ ಮೆತ್ತಗಿರಲಿ ಎಂದು ಹುಡುಕಿದ ದಾರಿಗಳಲ್ಲ ಅವು. ನಾನು ಎಲ್ಲಿಗೆ ಹೋಗಬಾರದೋ ಅದನ್ನು ಮೊದಲು ಗುರುತು ಮಾಡಿ, ಉಳಿದ ಜಾಗದಲ್ಲಿ ನನ್ನನ್ನು ಓಡಿಸಿದ್ದಳು. ನಾನು ಪಂಕ್ಚರ್ ಅಂಗಡಿಗೆ ನಡೆದು, ಸೈಕಲ್ ಹತ್ತಿ ಮನೆಗೆ ಬಂದೆ.

ಅಮ್ಮ ಚೀಲ ನೋಡಿ, "ಅಬ್ಬ, ಎಂಥಾ ಸೊಗಡು! ಯಾರು ಕೊಟ್ರೇ?" ಎಂದು ಖುಷಿಯಿಂದ ಸುಲಿಯಲು ಕೂತರು. ನಾನು ನಡೆದದ್ದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಮ್ಮನ ಕೈ ನಿಂತಿತು. ಅವರು ಬೆಚ್ಚಿಬಿದ್ದು ಬೈಯುತ್ತಾರೆ, ಎದ್ದು ಆ ಊರಿಗೇ ಹೋಗುತ್ತಾರೆ ಎಂದೆಲ್ಲ ನಾನು ಎಣಿಸಿದ್ದೆ. ಅವರು ಅಪ್ಪನ ಕಡೆ ನೋಡಿದರು. ಅಪ್ಪ ಕಿಟಕಿಯ ಕಡೆ ನೋಡಿದರು.

"ನಿಮಗೆ ಗೊತ್ತಿತ್ತಾ?" ಎಂದೆ.

ಅಪ್ಪ ಹೇಳಿದರು. "ಅವತ್ತೊಂದು ದಿನ ಜೋರು ಮಳೆ ಬಂತಲ್ಲ ಮಗ, ನಿನ್ನ ಕರ್ಕೊಂಡು ಬರಕ್ಕೆ ಸ್ಕೂಟರ್ ತಗೊಂಡು ಬಂದಿದ್ನಲ್ಲ. ಆ ಹುಡುಗಿ ಊರು ಕೂಗಿದ್ರೆ ಕೇಳೋಷ್ಟು ಹತ್ತಿರ. ಆದ್ರೂ ನೀವಿಬ್ಬರೂ ಬಸ್ ಸ್ಟಾಪಲ್ಲಿ ನೆನೀತಾ ನಿಂತಿದ್ರಿ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡೋದು ಬಿಟ್ಬಿಡ್ತಿದ್ದೆ. ಭಾನುವಾರ ಬಂದ್ರೆ ಎಷ್ಟು ಖುಷಿಯಾಗಿ ಹೋಗ್ತಿದ್ದೆ ನೀನು. ಇನ್ನೊಂದಷ್ಟು ದಿನ ಹಂಗೇ ಇರಲಿ ಅಂತ ಸುಮ್ಮನಾದ್ವಿ" ಎಂದು ಅಮ್ಮ ಅಂದರು.

ಪ್ರೀತಿಯಿಂದಲೇ ಅಂದರು. ಇವತ್ತು ನನಗೆ ಅದು ಅರ್ಥವಾಗುತ್ತದೆ. ಆದರೆ ಅವತ್ತು ಹೊಂಗೆ ಮರದ ಕೆಳಗೆ ಆದದ್ದಕ್ಕಿಂತ ಇದೇ ಹೆಚ್ಚು ಉರಿಯಿತು. ಸವಿತಾಳಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ಆ ದಾರಿಗಳ ಮೇಲೆ ಓಡುತ್ತಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಆ ಸಂಜೆ ಮನೆಯೆಲ್ಲ ಅವರೆಕಾಯಿ ಸಾರಿನ ವಾಸನೆ. ನಾನು ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಯಾರೂ ಬಲವಂತ ಮಾಡಲಿಲ್ಲ.

ಮಾರನೆಯ ದಿನದಿಂದ ನಾನು ಬೆಂಚು ಬದಲಾಯಿಸಿದೆ. ಉಳಿದ ದಿನಗಳಲ್ಲಿ ಸ್ಕೂಲಿನ ವಾಲಿಬಾಲ್ ಕೋರ್ಟನ್ನೇ ಸುತ್ತಿದೆ. ಸವಿತಾ ಎರಡು ಮೂರು ಸಲ ಮಾತಾಡಿಸಲು ಬಂದಳು. ಎಳ್ಳುಬೆಲ್ಲದ ಪೊಟ್ಟಣ ನನ್ನ ಬ್ಯಾಗಿನಲ್ಲಿ ಇಟ್ಟು ಹೋಗಿದ್ದಳು. ಅದನ್ನು ಅವಳ ಡೆಸ್ಕಿನ ಮೇಲೆ ವಾಪಸು ಇಟ್ಟೆ.

ಸೆಲೆಕ್ಷನ್ನು ಮೈಸೂರಿನಾಚೆಯ ಒಂದು ಬಯಲಿನಲ್ಲಿ. ಸುಣ್ಣದ ಪುಡಿ ಹಾಕಿ ದಾರಿ ಗುರುತು ಮಾಡಿದ್ದರು. ಬೇರೆ ಬೇರೆ ತಾಲೂಕಿನ ಹುಡುಗಿಯರು ತುಂಬ ಬಂದಿದ್ದರು. ಆದರೆ ಕೆಸರಿನ ತಗ್ಗು ದಾಟಿ ಕೊನೆಯ ಉಬ್ಬು ಹತ್ತುವ ಹೊತ್ತಿಗೆ ಮುಂದೆ ಇದ್ದದ್ದು ನಾವಿಬ್ಬರೇ. ಅವಳು ಮುಂದೆ, ನಾನು ಹಿಂದೆ. ಕಾಲುಗಳು ಹಳೆಯ ಅಭ್ಯಾಸದಲ್ಲಿ ತಾವಾಗಿಯೇ ಅವಳ ಲಯ ಹಿಡಿದಿದ್ದವು. ಉಬ್ಬು ಹತ್ತಿದ ಮೇಲೆ ಸವಿತಾ ಒಮ್ಮೆ ಹಿಂದೆ ನೋಡಿದಳು. ಆಮೇಲೆ ನಿಧಾನ ಮಾಡಿದಳು. ದಣಿವಿನ ನಿಧಾನವಲ್ಲ ಅದು. ಅವಳ ಉಸಿರು ನನಗೆ ಗೊತ್ತಿತ್ತು. ಎಡಕ್ಕೆ ಸರಿದು ನನಗೆ ದಾರಿ ಬಿಟ್ಟುಕೊಟ್ಟಳು.

"ಹೋಗೇ ಗೌತಮಿ. ನೀನೇ ಹೋಗು" ಎಂದಳು.

ಅದು ಅವಳ ಕ್ಷಮಾಪಣೆ ಎಂದು ನನಗೆ ತಿಳಿಯಿತು. ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಮತ್ತೆ ನನ್ನನ್ನು ಕೇಳದೆ, ನಾನು ಎಲ್ಲಿ ಓಡಬೇಕು, ಎಷ್ಟರ ತನಕ ಓಡಬೇಕು ಎಂದು ಅವಳೇ ತೀರ್ಮಾನ ಮಾಡಿದ್ದಳು. ನಾನೂ ನಿಧಾನ ಮಾಡಿದೆ. ಅವಳು ಇನ್ನೂ ನಿಧಾನ ಮಾಡಿದಳು. ನಾನು ನಿಂತುಬಿಟ್ಟೆ. ಅವಳೂ ನಿಂತಳು. ದೂರದಿಂದ ಪ್ರಮೀಳಾ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ಓಡ್ರೇ! ಏನಾಯ್ತ್ರೇ ನಿಮಗೆ? ಓಡ್ರೇ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಹಿಂದಿದ್ದ ಹುಡುಗಿಯರು ನಮ್ಮಿಬ್ಬರ ನಡುವೆ ನುಗ್ಗಿ ಮುಂದೆ ಹೋದರು. ಒಬ್ಬಳ ಮೊಣಕೈ ನನ್ನ ಪಕ್ಕೆಗೆ ತಗುಲಿತು. ಕೊನೆಗೆ ನಾವು ನಡೆದುಕೊಂಡೇ ಗೆರೆ ದಾಟಿದೆವು, ಬೇರೆ ಬೇರೆ. ಇಬ್ಬರೂ ಸೆಲೆಕ್ಟ್ ಆಗಲಿಲ್ಲ. ಮೇಡಂ ನಮ್ಮನ್ನು ಬೈಯಲೂ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಕಣ್ಣೊರೆಸಿಕೊಂಡರು.

ಹತ್ತನೇ ಕ್ಲಾಸಿನಲ್ಲಿ ಸೆಕ್ಷನ್ ಬೇರೆಯಾಯಿತು. ಕಾಲೇಜು ಬೇರೆಯಾಯಿತು. ಬಹಳ ವರ್ಷ ಅವಳ ಸುದ್ದಿಯೇ ಇರಲಿಲ್ಲ.

ಹೋದ ವರ್ಷ ಸರಸ್ವತಿಪುರಂನಲ್ಲಿ ಹಳೆಯ ಕ್ಲಾಸ್‌ಮೇಟ್ ಒಬ್ಬಳ ಗೃಹಪ್ರವೇಶಕ್ಕೆ ಹೋಗಿದ್ದೆ. ಸವಿತಾ ಬಂದಿದ್ದಳು. ತುಂಬಿಕೊಂಡಿದ್ದಾಳೆ, ಜಡೆ ಇಲ್ಲ, ನಗು ಹಾಗೇ ಇದೆ. ನನ್ನನ್ನು ನೋಡಿದವಳೇ ಎದ್ದು ಬಂದು ತಬ್ಬಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಸುತ್ತ ಕೂತಿದ್ದವರಿಗೆ ಹೇಳತೊಡಗಿದಳು.

"ಏನ್ ಓಡ್ತಿದ್ವಿ ಗೊತ್ತಾ ನಾವಿಬ್ಬರೂ! ಎಂಥೆಂಥಾ ದಾರಿ ಹುಡುಕಿದ್ದೆ ಇವಳಿಗೆ! ಆ ಕಾಲದಲ್ಲೇ ನಾನು ಜಾತಿ ಗೀತಿ ಅಂತೆಲ್ಲ ನೋಡ್ದೋಳೇ ಅಲ್ಲ. ನಮ್ಮನೆ ಅಡುಗೆಮನೇಲಿ ಕೂರಿಸಿ ಊಟ ಹಾಕಿಸಿದ್ದೀನಿ ಇವಳಿಗೆ. ಅಲ್ವೇನೇ?"

ಅವಳ ಕಣ್ಣಲ್ಲಿ ಕಳ್ಳತನವಿರಲಿಲ್ಲ. ನಿಜವಾಗಿಯೂ ಹಾಗೆಯೇ ನೆನಪಿಟ್ಟುಕೊಂಡಿದ್ದಳು. ತನ್ನ ಬಾಲ್ಯದ ಒಂದು ಧೈರ್ಯದ ಕೆಲಸ ಎಂದು ಅದನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಅವತ್ತು ಊಟ ಮಾಡಿದ್ದು ನಾನಲ್ಲ ಸವಿತಾ" ಎಂದೆ. "ಮಳವಳ್ಳಿ ಕಡೆಯ ಯಾವಳೋ ಹುಡುಗಿ. ನನ್ನನ್ನ ನೀನು ಊರ ಹೊರಗೇ ಬಿಟ್ಟಿದ್ದೆ."

ಯಾರೋ ಕೇಸರಿಬಾತ್ ತರಿಸುವ ಮಾತು ತೆಗೆದರು. ಸವಿತಾ ನನ್ನ ಕೈ ಬಿಟ್ಟಳು. "ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ನಾವಾಗ ಮಕ್ಕಳು ಕಣೇ" ಎಂದು ಮೆಲ್ಲಗೆ ಅಂದಳು. ಅವಳ ದನಿಯಲ್ಲೂ ನೋವಿತ್ತು. ನಾನು ಅವಳ ಒಂದು ಒಳ್ಳೆಯ ನೆನಪನ್ನು ಕಿತ್ತುಕೊಂಡಿದ್ದೆ, ಅದು ಅವಳಿಗೆ ತಿಳಿಯಿತು. ಇಬ್ಬರೂ ಊಟಕ್ಕೆ ಬೇರೆ ಬೇರೆ ಸಾಲಿನಲ್ಲಿ ಕೂತೆವು.

ನಾನು ಈಗಲೂ ಓಡುತ್ತೇನೆ. ಮೈಸೂರು ರಿಂಗ್ ರೋಡನ್ನು ಯಾವಾಗಲೋ ನುಂಗಿ ಮುಂದೆ ಹೋಗಿದೆ. ಹಳ್ಳಿ ದಾರಿ ಬೇಕೆಂದರೆ ಕಾರಿನಲ್ಲಿ ಅರ್ಧ ಗಂಟೆ ಹೋಗಬೇಕು. ಹೋಗುತ್ತೇನೆ. ಒಳ್ಳೆಯ ದಾರಿಗಳು ಇನ್ನೂ ಸಿಗುತ್ತವೆ, ಮೆತ್ತನೆಯ ಮಣ್ಣು, ನೆರಳು, ತಣ್ಣನೆ ಗಾಳಿ. ಜೊತೆಗೆ ಓಡುವ ಗೆಳತಿಯರೂ ಇದ್ದಾರೆ, ಒಳ್ಳೆಯವರು. ಆದರೆ ಒಂದು ದಾರಿ ಊರಿನ ಹತ್ತಿರ ಬಂದು ಸುಮ್ಮನೆ ಪಕ್ಕಕ್ಕೆ ತಿರುಗಿತೆಂದರೆ ನನ್ನ ಕಾಲು ತಡೆಯುತ್ತದೆ. ಇದು ಯಾಕೆ ಇಲ್ಲಿ ತಿರುಗಿತು, ಯಾರನ್ನು ಆಚೆ ಕಳಿಸಲು ತಿರುಗಿತು ಎಂದು ಕೇಳದೆ ಮುಂದೆ ಹೋಗಲಾಗುವುದಿಲ್ಲ. ಬರೇ ನೀರು ಹರಿದ ಜಾಡಿಗೆ ತಿರುಗಿದ್ದರೂ ಕೇಳುತ್ತೇನೆ. ಕೆರೆ ಹೋಯಿತು, ತೋಪು ಹೋಯಿತು ಎಂದು ಜನ ಮರುಗುತ್ತಾರೆ, ನನಗೂ ಮರುಕವಿದೆ. ಆದರೆ ನಾನು ಕಳೆದುಕೊಂಡದ್ದು ಬೇರೆ. ಮುಂದೆ ಓಡುವವಳ ಬೆನ್ನನ್ನಷ್ಟೇ ನೋಡಿಕೊಂಡು, ದಾರಿಯನ್ನು ನೋಡದೆ, ಅವಳು ತಿರುಗಿದ ಕಡೆ ತಿರುಗಿ, ನಗುತ್ತಾ ಓಡಿದ ಒಂದು ಚಳಿಗಾಲವಿತ್ತು ನನಗೆ. ಹಾಗೆ ನಾನು ಆಮೇಲೆ ಯಾರ ಹಿಂದೆಯೂ ಓಡಲಿಲ್ಲ.